ನೆನಪಿನ ತಟ್ಟೆಯ ನಾಡಿಪರೀಕ್ಷೆ

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಪೂಜೆಗೆ ಕೂಡುವ ಆಯುಧಗಳು ಬಹಳವೇನೂ ಇಲ್ಲ. ಒಂದು ಈಳಿಗೆಮಣೆ, ಒಂದು ಸುತ್ತಿಗೆ, ಹೊಲಿಗೆಯ ಯಂತ್ರ, ಸ್ಕೂಟರು, ಇವುಗಳ ಜೊತೆಗೆ ಮೂಲೆಯ ಮೇಜಿನ ಮೇಲಿರುವ ಗಣಕಯಂತ್ರ. ಕೆಲವು ವರ್ಷಗಳ ಹಿಂದೆ ನಾವು ವಿಶೇಷ ಶ್ರದ್ಧೆಯನ್ನು ತಳೆದು ಗಣಕದ ಪೆಟ್ಟಿಗೆಯನ್ನೇ ಬಿಚ್ಚಿ, ಒಳಗೆ ಸೇರಿದ್ದ ಧೂಳನ್ನೆಲ್ಲ ಬಣ್ಣ ಬಳಿಯುವ ಕುಂಚದಿಂದ ಗುಡಿಸಿ, ಮತ್ತೆ ಮುಚ್ಚಿ, ಕುಂಕುಮವಿಟ್ಟು ಸೇವಂತಿಗೆಯನ್ನೇರಿಸಿದೆವು. ವಿಜಯದಶಮಿ ಕಳೆದ ಮರುದಿನ ಪ್ರಶ್ನಪತ್ರಿಕೆಯೊಂದನ್ನು ಸಿದ್ಧಪಡಿಸಲೆಂದು ಕುಳಿತರೆ ಯಂತ್ರವು ಮುಷ್ಕರ ಹೂಡಿತು. ಒಂದು ಕಡತವನ್ನು ತೆರೆಯಲು ಎರಡು ನಿಮಿಷ. ತೆರೆದದ್ದನ್ನು ಮುಚ್ಚಲು ಮತ್ತೆ ಎರಡು ನಿಮಿಷ. ನಡುನಡುವೆ ಪರದೆಯು ಚಿತ್ರದಂತೆ ಸ್ತಬ್ಧವಾಗಿ ನಿಂತುಬಿಡುತ್ತಿತ್ತು.

ಪ್ರಶ್ನಪತ್ರಿಕೆಯ ಮಾತು ಹಾಗಿರಲಿ; ಅದನ್ನು ಕೈಯಲ್ಲಿ ಬರೆದು ಕೊಟ್ಟರೂ ಆದೀತು. ಆದರೆ ಅದೇ ಯಂತ್ರದೊಳಗೆ ನಮ್ಮ ತಾಯಿಯವರು ಹಾಡಿದ ಸುಮಾರು ನಲವತ್ತು ಶೋಭಾನೆ ಪದಗಳ ಧ್ವನಿಮುದ್ರಣವಿತ್ತು. ಅವರು ತೀರಿಕೊಳ್ಳುವ ಎರಡು ವರ್ಷ ಮೊದಲು, ಒಂದು ಬೇಸಗೆಯ ರಜೆಯಲ್ಲಿ, ಅಡಿಗೆಮನೆಯ ಹೊಸಲಿನ ಮೇಲೆ ಕುಳಿತು ಹಾಡಿದುವು ಅವು. ಹಿನ್ನೆಲೆಯಲ್ಲಿ ಒಗ್ಗರಣೆಯ ಸದ್ದೂ ಇದೆ. ಸುದ್ದಿ ತಿಳಿದೊಡನೆ ದಾವಣಗೆರೆಯಿಂದ ತಂಗಿ ಫೋನು ಮಾಡಿದಳು.

"ಅಣ್ಣ, ಅಮ್ಮನ ಹಾಡುಗಳನ್ನು ಬೇರೆ ಕಡೆಯೂ ಇಟ್ಟಿದ್ದೀ ತಾನೆ?"

ಇಟ್ಟಿರಲಿಲ್ಲ. ಭೌತಶಾಸ್ತ್ರವನ್ನು ಬೋಧಿಸುವವರಿಗೆ ಇದು ಶೋಭಿಸುವ ಉತ್ತರವಲ್ಲವೆಂಬುದನ್ನು ಒಪ್ಪಿಕೊಂಡೇ ಮುಂದುವರಿಯುತ್ತೇವೆ.

ಇಂತಹ ಯಂತ್ರದ ನೆನಪೆಲ್ಲ ಇರುವುದು ಹಾರ್ಡ್ ಡಿಸ್ಕ್ ಎಂಬ ಲೋಹದ ಡಬ್ಬಿಯಲ್ಲಿ. ಡಬ್ಬಿಯೊಳಗೆ ಅಲ್ಯೂಮಿನಿಯಮ್ಮಿನ ಅಥವಾ ಗಾಜಿನ ತಟ್ಟೆಗಳು, ಗ್ರಾಮಫೋನ್ ತಟ್ಟೆಗಳಂತೆ, ಒಂದೇ ಕಂಬಿಯ ಮೇಲೆ ಪೋಣಿಸಲ್ಪಟ್ಟಿರುತ್ತವೆ. ತಟ್ಟೆಯ ಮೈಗೆ ಕಾಂತಗುಣವುಳ್ಳ ಮಿಶ್ರಲೋಹದ ಅತಿ ತೆಳುವಾದ ಲೇಪ. ಆ ಲೇಪದಲ್ಲಿನ ಸೂಕ್ಷ್ಮಪ್ರದೇಶಗಳು ಯಾವ ದಿಕ್ಕಿಗೆ ಕಾಂತೀಕರಣಗೊಂಡಿವೆ ಎಂಬುದರಲ್ಲಿಯೇ ಸೊನ್ನೆ ಮತ್ತು ಒಂದುಗಳ ಬರೆಹ ಅಡಗಿರುವುದು. ತೋಳೊಂದರ ತುದಿಯಲ್ಲಿ 'ಹೆಡ್' ಎಂಬ ಪುಟ್ಟ ಸಾಧನವು ತಟ್ಟೆಯ ಮೇಲೆ ಸಂಚರಿಸುತ್ತ ಬರೆಯುವುದು, ಓದುವುದು. ಗ್ರಾಮಫೋನಿನ ಮುಳ್ಳು ತಟ್ಟೆಯನ್ನು ಮುಟ್ಟಿಯೇ ಓದುತ್ತದೆ. ಇಲ್ಲಿ ಹಾಗಲ್ಲ, ಮುಟ್ಟಿತೆಂದರೆ ಕೆಲಸ ಕೆಟ್ಟಿತು.

ನಮ್ಮ ಡಿಸ್ಕಿನ ತಟ್ಟೆ ನಿಮಿಷಕ್ಕೆ ೭೨೦೦ ಸುತ್ತು, ಎಂದರೆ ಸೆಕೆಂಡಿಗೆ ೧೨೦ ಸುತ್ತು ತಿರುಗುತ್ತದೆ. ಅಂಚಿನ ತ್ರಿಜ್ಯವನ್ನು ೪.೬ ಸೆಂಟಿಮೀಟರು ಎಂದಿಟ್ಟುಕೊಂಡರೆ ಅಂಚಿನ ವೇಗವೆಷ್ಟು? ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಿನೋಡಬಹುದು: ಗಂಟೆಗೆ ಸುಮಾರು ೧೨೫ ಕಿಲೋಮೀಟರು. ಈ ಭರಾಟೆಯಲ್ಲಿ ತಟ್ಟೆಯು ತನ್ನೊಡನೆ ಎಳೆದೊಯ್ಯುವ ಗಾಳಿಯೇ ಹೆಡ್ಡನ್ನು ಎತ್ತಿಹಿಡಿಯುತ್ತದೆ. ಅವೆರಡರ ನಡುವಣ ತೆರಪು ಕೆಲವೇ ನ್ಯಾನೊಮೀಟರು. ಹೆಡ್ಡನ್ನು ಹೊತ್ತ ತುಣುಕಿನ ಉದ್ದ ಸುಮಾರು ಒಂದು ಮಿಲಿಮೀಟರು. ಅದನ್ನು ಹತ್ತು ಮೀಟರು ಉದ್ದದ ಬಸ್ಸಿನಷ್ಟಕ್ಕೆ ಹಿಗ್ಗಿಸಿದೆವೆನ್ನಿ. ಆಗ ಆ ಬಸ್ಸು ರಸ್ತೆಯಿಂದ ಒಂದು ತಲೆಗೂದಲಿನಷ್ಟೂ ಎತ್ತರವಿಲ್ಲದೆ, ಆದರೆ ರಸ್ತೆಯನ್ನು ಮುಟ್ಟದೆ ಹಾರಿದಂತಾಗುವುದು! ಡಬ್ಬಿಯನ್ನು ಮನೆಯಲ್ಲಿ ಬಿಚ್ಚಬಾರದೆಂದು ಏಕೆ ಹೇಳುತ್ತಾರೆಂಬುದು ಇದರಿಂದ ತಿಳಿಯುವುದು. ಹೊಗೆಯ ಕಣವೂ ಈ ತೆರಪಿನ ಮುಂದೆ ಬಂಡೆಗಲ್ಲು.

ಮಳೆಗಾಲದಲ್ಲಿ ಹೇಳದೆ ಕೇಳದೆ ವಿದ್ಯುತ್ತು ಹೋಗುವ ನಮ್ಮ ಊರುಗಳಲ್ಲಿ ಒಂದು ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ತಟ್ಟೆ ನಿಂತರೆ ಗಾಳಿಯ ಆಧಾರ ತಪ್ಪಿ ಹೆಡ್ಡು ತಟ್ಟೆಯ ಮೇಲೆ ಬೀಳದೆ? ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ಉಪಾಯವು ಬಹು ಸೊಗಸಾದುದು. ವಿದ್ಯುತ್ತು ಹೋದೊಡನೆ ತಟ್ಟೆಗಳು ತಮ್ಮ ಜಡತ್ವದಿಂದ ಇನ್ನೂ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತವೆ. ಆ ಕ್ಷಣದಲ್ಲಿ ಅವುಗಳನ್ನು ತಿರುಗಿಸುತ್ತಿದ್ದ ಮೋಟಾರೇ ಡೈನಮೋ ಆಗಿ ಪರಿಣಮಿಸುತ್ತದೆ. ಹಾಗೆ ಹುಟ್ಟಿದ ಅಲ್ಪ ವಿದ್ಯುತ್ತಿನಿಂದಲೇ ತೋಳು ಸರಿದು ಹೆಡ್ಡನ್ನು ಸುರಕ್ಷಿತವಾದ ಎಡೆಗೆ ಒಯ್ದು ಇಡುತ್ತದೆ. ಫ್ಯಾರಡೆಯ ತತ್ತ್ವವನ್ನು ಬರಿಯ ಪರೀಕ್ಷೆಗಾಗಿ ಉರುಹಚ್ಚುವವರು ಇದನ್ನು ನೆನೆಯಬೇಕು.

ಇಂಥ ಯಂತ್ರ ಮೊದಲು ಹೊರಬಿದ್ದುದು ೧೯೫೬ರಲ್ಲಿ. ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿ ಐ.ಬಿ.ಎಂ. ಸಂಸ್ಥೆಯವರು ರೆನಾಲ್ಡ್ ಜಾನ್ಸನ್ನರ ಮುಂದಾಳುತನದಲ್ಲಿ ಅದನ್ನು ನಿರ್ಮಿಸಿದರು. ೨೪ ಅಂಗುಲ ವ್ಯಾಸದ ೫೦ ತಟ್ಟೆಗಳು. ತೂಕ ಒಂದು ಟನ್ನಿಗೂ ಮಿಗಿಲು. ಅದರಲ್ಲಿ ಹಿಡಿಯುತ್ತಿದ್ದುದು ೫೦ ಲಕ್ಷ ಅಕ್ಷರಗಳು. ಈಗಿನ ಸಾಮಾನ್ಯ ರೀತಿಯ ಮುದ್ರಣದಲ್ಲಿ ನಮ್ಮ ತಾಯಿಯವರ ನಾಲ್ಕು ನಿಮಿಷದ ಹಾಡೊಂದೂ ಅದರಲ್ಲಿ ಪೂರ್ತಿ ಹಿಡಿಸದು. ಅಲ್ಲಿಂದ ಇಲ್ಲಿಗೆ ಬಂದ ದಾರಿಯಲ್ಲಿ ಭೌತವಿಜ್ಞಾನದ ಪಾಲು ದೊಡ್ಡದು. ಕಾಂತಕ್ಷೇತ್ರದ ದಿಕ್ಕು ಬದಲಾದಾಗ ಕೆಲವು ಪರಮಾಣುಗಳಷ್ಟೇ ದಪ್ಪವಾದ ಲೋಹದ ಪದರಗಳ ವಿದ್ಯುದ್ರೋಧವು ಬಹುವಾಗಿ ಬದಲಾಗುತ್ತದೆಂಬುದನ್ನು ೧೯೮೮ರಲ್ಲಿ ಫ್ರಾನ್ಸಿನ ಆಲ್ಬರ್ಟ್ ಫರ್ಟ್ ಮತ್ತು ಜರ್ಮನಿಯ ಪೀಟರ್ ಗ್ರೂನ್‌ಬರ್ಗ್ ಪ್ರತ್ಯೇಕವಾಗಿ ಕಂಡುಹಿಡಿದರು. ಹತ್ತು ವರ್ಷ ತುಂಬುವುದರೊಳಗೆ ಆ ಶೋಧವು ಡಿಸ್ಕಿನ ಹೆಡ್ಡಿನೊಳಗೆ ಬಂದು ಕುಳಿತಿತು. ೨೦೦೭ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು.

ಇಲ್ಲಿ ಒಂದು ಸಂದೇಹವನ್ನು ಪರಿಹರಿಸಿಬಿಡೋಣ. ೧ ಟೆರಾಬೈಟಿನ ಡಿಸ್ಕ್ ಕೊಂಡರೆ ಗಣಕವು ಅದನ್ನು ೯೩೧ ಗಿಗಾಬೈಟ್ ಎಂದು ತೋರಿಸುವುದುಂಟು. ಅಂಗಡಿಯವನು ಮೋಸಮಾಡಿದನೆಂದು ವಿದ್ಯಾರ್ಥಿಗಳು ಹಲವು ಬಾರಿ ನಮ್ಮಲ್ಲಿ ದೂರಿದ್ದಾರೆ. ತಯಾರಕನ ಲೆಕ್ಕದಲ್ಲಿ ಗಿಗಾ ಎಂದರೆ ನೂರು ಕೋಟಿ. ವಿಂಡೋಸಿನ ಲೆಕ್ಕದಲ್ಲಿ ೨ರ ೩೦ನೆಯ ಘಾತ, ಎಂದರೆ ೧೦೭,೩೭,೪೧,೮೨೪. ಒಂದೇ ಭತ್ತವನ್ನು ಎರಡು ಊರುಗಳ ಕೊಳಗಗಳಲ್ಲಿ ಅಳೆದಂತೆ, ಅಷ್ಟೆ.

ಈಗ ನಮ್ಮ ಪೇಚಿಗೆ ಹಿಂದಿರುಗೋಣ. ನಾವು ಮಾಡಿದ ಮೊದಲನೆಯ ಕೆಲಸವೇ ತಪ್ಪು. ಡಿಸ್ಕನ್ನು ಆದ್ಯಂತ ಪರೀಕ್ಷಿಸಿ ತಿದ್ದುವ ಸಾಧನವೊಂದು ಗಣಕದಲ್ಲಿಯೇ ಇರುವುದಷ್ಟೆ, ಅದನ್ನು ಓಡಿಸಿದೆವು. ಸಾಯುತ್ತಿರುವ ಡಿಸ್ಕಾಗಿದ್ದರೆ ಇದು ಜ್ವರ ಬಂದವನನ್ನು ಓಟದ ಪಂದ್ಯಕ್ಕೆ ನಿಲ್ಲಿಸಿದಂತೆ. ಮೇಲಾಗಿ 'ತಿದ್ದುವುದು' ಎಂದರೆ ಬರೆಯುವುದು; ಬರೆದಲ್ಲಿ ಹಳೆಯದು ಅಳಿಯುವುದು. ಅರ್ಧ ಗಂಟೆಯ ಬಳಿಕ ಬುದ್ಧಿ ಬಂದು ಅದನ್ನು ನಿಲ್ಲಿಸಿ, ಹಾಡುಗಳನ್ನು ಪೆನ್ ಡ್ರೈವಿಗೆ ನಕಲು ಮಾಡತೊಡಗಿದೆವು. ಹದಿಮೂರು ಹಾಡು ಬಂದುವು. ಹದಿನಾಲ್ಕನೆಯದರಲ್ಲಿ ಯಂತ್ರ ಮತ್ತೆ ಸ್ತಬ್ಧವಾಯಿತು.

ಆಗ ನಾಡಿ ನೋಡಲು ಕುಳಿತೆವು. ಪ್ರತಿಯೊಂದು ಡಿಸ್ಕೂ ತನ್ನ ಆರೋಗ್ಯದ ದಿನಚರಿಯನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಇದಕ್ಕೆ 'ಸ್ಮಾರ್ಟ್' ಎಂದು ಹೆಸರು. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಮೊದಲಾದ, ಹಣ ಕೊಡದೆ ದೊರೆಯುವ ತಂತ್ರಾಂಶಗಳಿಂದ ಅದನ್ನು ಓದಬಹುದು. ಪಟ್ಟಿ ಉದ್ದವಾಗಿದ್ದರೂ ನಮ್ಮಂಥವರು ನೋಡಬೇಕಾದ ಸಾಲುಗಳು ಮುಖ್ಯವಾಗಿ ಮೂರು.

ಐದನೆಯ ಕ್ರಮಸಂಖ್ಯೆಯ ಸಾಲು, ಕೆಟ್ಟುಹೋದ ಎಷ್ಟು ಸೆಕ್ಟರುಗಳಿಗೆ ಬದಲಾಗಿ ಮೀಸಲು ಸೆಕ್ಟರುಗಳನ್ನು ಬಳಸಲಾಗಿದೆ ಎಂಬುದನ್ನು ಹೇಳುತ್ತದೆ. (ಸೆಕ್ಟರೆಂದರೆ ೫೧೨ ಅಥವಾ ೪೦೯೬ ಬೈಟುಗಳ ಒಂದು ಕಂತೆ, ತಟ್ಟೆಯ ಮೇಲಿನ ಲೆಕ್ಕಾಚಾರವೆಲ್ಲ ಕಂತೆಗಳಲ್ಲಿಯೇ.) ೧೯೭ನೆಯ ಸಾಲು ಓದಲಾಗದೆ ತೀರ್ಮಾನಕ್ಕಾಗಿ ಕಾದಿರುವ ಸೆಕ್ಟರುಗಳ ಸಂಖ್ಯೆ. ಇಂತಹ ಸೆಕ್ಟರು ಎದುರಾದಾಗ ಡಿಸ್ಕು ಒಡನೆಯೇ ಕೈಚೆಲ್ಲುವುದಿಲ್ಲ. ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಪ್ರತಿ ಪ್ರಯತ್ನಕ್ಕೂ ತಟ್ಟೆ ಒಂದು ಸುತ್ತು ಬರುವವರೆಗೆ, ಅಂದರೆ ಸೆಕೆಂಡಿನ ೧೨೦ರಲ್ಲೊಂದು ಭಾಗ ಕಾಯಬೇಕು. ನೂರಾರು ಬಾರಿ ಕಾದರೆ ಸೆಕೆಂಡುಗಳೇ ಉರುಳುವುವು. ಯಂತ್ರವು 'ನಿಧಾನವಾಯಿತು' ಎಂದು ನಾವು ಗೊಣಗುವ ಹಲವು ಸಂದರ್ಭಗಳಲ್ಲಿ ಒಳಗೆ ನಡೆದಿರುವುದು ಈ ತಾಳ್ಮೆಯ ಮರುಪ್ರಯತ್ನವೇ.

ನಮ್ಮ ಡಿಸ್ಕಿನಲ್ಲಿ ಈ ಎರಡು ಸಾಲುಗಳಲ್ಲಿಯೂ ಇದ್ದುದು ಸೊನ್ನೆ. ಮೂರನೆಯದಾದ ೧೯೯ನೆಯ ಸಾಲಿನಲ್ಲಿ ಮಾತ್ರ ೧೮೪೬ ಎಂದಿತ್ತು. ಹತ್ತು ನಿಮಿಷ ನಕಲು ಮಾಡಿ ಮತ್ತೆ ನೋಡಿದರೆ ೧೯೦೨.

ಈ ಸಾಲಿನ ಅರ್ಥವನ್ನು ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು. ೪೭೨೬೫ ಎಂಬ ಸಂಖ್ಯೆಯನ್ನು ಗೆಳೆಯನಿಗೆ ಹೇಳಿಕಳುಹಿಸಬೇಕಾಗಿದೆ. ಅಂಕಿಗಳ ಮೊತ್ತ ೨೪. ಅದನ್ನು ೯ರಿಂದ ಭಾಗಿಸಿದರೆ ಉಳಿಯುವುದು ೬. ಸಂಖ್ಯೆಯ ಜೊತೆಗೆ ಈ ೬ನ್ನೂ ಹೇಳಿಕಳುಹಿಸುತ್ತೇವೆ. ದಾರಿಯಲ್ಲಿ ತಪ್ಪಾಗಿ ೪೭೩೬೫ ಎಂದು ಮುಟ್ಟಿತೆನ್ನೋಣ. ಗೆಳೆಯನು ಅದೇ ಲೆಕ್ಕ ಮಾಡಿ ೭ ಎಂಬ ಶೇಷವನ್ನು ಪಡೆದು, 'ಸರಿಬರಲಿಲ್ಲ, ಮತ್ತೊಮ್ಮೆ ಹೇಳಿಕಳುಹಿಸು' ಎನ್ನುತ್ತಾನೆ. ಡಿಸ್ಕು ಮತ್ತು ಗಣಕದ ನಡುವೆ ಹೋಗಿಬರುವ ಪ್ರತಿಯೊಂದು ಕಂತೆಗೂ ಇದೇ ಬಗೆಯ, ಆದರೆ ಇನ್ನೂ ಬಿಗಿಯಾದ ಶೇಷವೊಂದು ಅಂಟಿಕೊಂಡಿರುತ್ತದೆ. ಶೇಷವು ತಾಳೆಯಾಗದ ಪ್ರಸಂಗಗಳ ಎಣಿಕೆಯೇ ೧೯೯ನೆಯ ಸಾಲು. ತಟ್ಟೆಯ ಮೇಲಿನ ಬರೆಹ ಸರಿಯಾಗಿಯೇ ಇದೆ. ಕೆಡುತ್ತಿರುವುದು ದಾರಿಯಲ್ಲಿ, ಎಂದು ಇದರ ತಾತ್ಪರ್ಯ. ಹಾಗಾದರೆ ದಾರಿ ಯಾವುದು? ಏಳು ತಂತಿಗಳ ಒಂದು ಚಪ್ಪಟೆ ಕೇಬಲ್!

ಆಯುಧಪೂಜೆಯ ಕುಂಚದ ನೆನಪು ನಮಗೆ ಬಂದುದು ಆಗ.

ಯಂತ್ರವನ್ನು ನಿಲ್ಲಿಸಿ, ವಿದ್ಯುತ್ತಿನ ಪ್ಲಗ್ಗನ್ನು ಕಿತ್ತು, ಪೆಟ್ಟಿಗೆಯನ್ನು ತೆರೆದೆವು. ಕೇಬಲ್ಲಿನ ತುದಿಯು ಡಿಸ್ಕಿನ ಕೊಂಡಿಯಲ್ಲಿ ಓರೆಯಾಗಿ ಕುಳಿತಿತ್ತು. ಅದರ ಪಕ್ಕದಲ್ಲಿಯೇ ಕೇಬಲ್ಲು ಕತ್ತು ಮುರಿದಂತೆ ಬಾಗಿತ್ತು. ಸೆಕೆಂಡಿಗೆ ೬೦೦ ಕೋಟಿ ಬಿಟ್ಟುಗಳವರೆಗೆ ಒಯ್ಯಬೇಕಾದ ತಂತಿಗೆ ಇಂತಹ ಮಡಿಕೆಯು ಅಲ್ಪ ದೋಷವಲ್ಲ. ನೂರು ರೂಪಾಯಿಯೊಳಗಿನ ಹೊಸ ಕೇಬಲ್ಲನ್ನು ತಂದು ಸಿಕ್ಕಿಸಿದ ಬಳಿಕ ಉಳಿದ ಇಪ್ಪತ್ತೇಳು ಹಾಡುಗಳು ಐದು ನಿಮಿಷದೊಳಗೆ ನಕಲಾದುವು. ೧೯೦೨ ಎಂಬ ಅಂಕಿ ಇಂದಿಗೂ ೧೯೦೨ ಆಗಿಯೇ ಇದೆ. ಈ ಎಣಿಕೆ ಎಂದೂ ಇಳಿಯುವುದಿಲ್ಲ. ಆದುದರಿಂದ ಒಮ್ಮೆ ನೋಡಿ ಗಾಬರಿಗೊಳ್ಳದೆ, ಎರಡು ಬಾರಿ ನೋಡಿ ಏರಿಕೆಯನ್ನು ಅಳೆಯಬೇಕು. ನೋಡಬೇಕಾದುದು ಮೌಲ್ಯವನ್ನಲ್ಲ, ಮೌಲ್ಯದ ಬದಲಾವಣೆಯ ದರವನ್ನು.

ಎಲ್ಲರ ಅದೃಷ್ಟವೂ ಕೇಬಲ್ಲಿನಲ್ಲಿಯೇ ಮುಗಿಯುವುದಿಲ್ಲ. ಅದೇ ವರ್ಷ ಪದವಿ ತರಗತಿಯ ವಿದ್ಯಾರ್ಥಿಯೊಬ್ಬನು ಕರವಸ್ತ್ರದಲ್ಲಿ ಸುತ್ತಿದ ಡಿಸ್ಕೊಂದನ್ನು ತಂದು ಮೇಜಿನ ಮೇಲಿಟ್ಟನು. ನಾಲ್ವರು ಕೂಡಿ ಮಾಡಿದ ಪ್ರಯೋಗದ ಅಂಕಿ-ಅಂಶಗಳೆಲ್ಲ ಅದರಲ್ಲಿದ್ದುವು.

"ಸಾರ್, ಟಿಕ್ ಟಿಕ್ ಅಂತ ಸದ್ದು ಬರ್ತಿತ್ತು. ಸ್ಕ್ರೂ ಬಿಚ್ಚಿ ನೋಡಿದೆ. ಒಳಗೆ ಚೆನ್ನಾಗೇ ಇತ್ತು ಸಾರ್."

ಆ ಟಿಕ್ ಟಿಕ್ ಸದ್ದಿನ ಅರ್ಥವಿಷ್ಟೆ: ತಟ್ಟೆಯ ಮೇಲೆ ತನ್ನ ದಾರಿಯನ್ನು ತೋರುವ ಗುರುತುಗಳನ್ನು ಓದಲಾಗದೆ ಹೆಡ್ಡು ಮೊದಲಿನ ಎಡೆಗೆ ಹಿಂದಿರುಗಿ ಮತ್ತೆ ಹೊರಡುತ್ತಿದೆ. ಆ ಸದ್ದು ಕೇಳಿದೊಡನೆ ವಿದ್ಯುತ್ತನ್ನು ನಿಲ್ಲಿಸುವುದೊಂದೇ ನಮ್ಮ ಕೈಯಲ್ಲಿರುವ ಚಿಕಿತ್ಸೆ. ಆಮೇಲಿನದು ಧೂಳಿಲ್ಲದ ಕೊಠಡಿಯಲ್ಲಿ ಕೆಲಸ ಮಾಡುವ ನಿಪುಣರಿಗೆ ಸೇರಿದುದು, ಮತ್ತು ಅದಕ್ಕೆ ತಗಲುವ ಹಣ ಹಲವು ವೇಳೆ ಡಿಸ್ಕಿನ ಬೆಲೆಯ ಹಲವು ಪಟ್ಟು. ಡಿಸ್ಕನ್ನು ಶೀತಕದ ಪೆಟ್ಟಿಗೆಯಲ್ಲಿಟ್ಟು ತೆಗೆದರೆ ಸರಿಹೋಗುವುದೆಂಬ ಮಾತನ್ನೂ ಆ ಹುಡುಗ ಕೇಳಿಕೊಂಡು ಬಂದಿದ್ದನು. ತಣ್ಣಗಾದ ಲೋಹದ ಮೇಲೆ ನೀರಾವಿ ಸಾಂದ್ರೀಕರಿಸುವುದೆಂಬುದನ್ನು ಪಿ.ಯು.ಸಿ.ಯಲ್ಲಿ ಓದಿ ಉತ್ತೀರ್ಣನಾದವನೇ ಅವನು! ಆ ನಾಲ್ವರೂ ಮೂರು ವಾರ ಪ್ರಯೋಗಾಲಯದಲ್ಲಿ ಕುಳಿತು ಅಳತೆಗಳನ್ನೆಲ್ಲ ಹೊಸದಾಗಿ ತೆಗೆದರು. ಎರಡನೆಯ ಬಾರಿಯ ಫಲಿತಾಂಶಗಳು ಮೊದಲಿನವುಗಳಿಗಿಂತ ಚೆನ್ನಾಗಿದ್ದುವು. ಆದರೆ ಇದನ್ನು ಅವರ ಮುಂದೆ ಹೇಳುವ ಧೈರ್ಯ ನಮಗಾಗಲಿಲ್ಲ.

ದಿನಚರಿಯನ್ನು ಓದುತ್ತಿದ್ದರೆ ಸಾವನ್ನು ಮೊದಲೇ ತಿಳಿಯಬಹುದಲ್ಲವೆ ಎಂದು ಕೇಳಬಹುದು. ೨೦೦೭ರಲ್ಲಿ ಗೂಗಲ್ ಸಂಸ್ಥೆಯ ಮೂವರು ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ ವರದಿಯೊಂದನ್ನು ಪ್ರಕಟಿಸಿದರು. ಡಿಸ್ಕು ತನ್ನ ಮೇಲ್ಮೈಯನ್ನು ತಾನೇ ಪರೀಕ್ಷಿಸಿಕೊಳ್ಳುವಾಗ ಮೊದಲನೆಯ ದೋಷ ಕಂಡಿತೆಂದರೆ, ದೋಷವಿಲ್ಲದವುಗಳಿಗಿಂತ ಅದು ೬೦ ದಿನಗಳೊಳಗೆ ಕೆಡುವ ಸಂಭವ ೩೯ ಪಟ್ಟು ಹೆಚ್ಚು. ಆದರೆ ಕೆಟ್ಟುಹೋದ ಡಿಸ್ಕುಗಳಲ್ಲಿ ಅರ್ಧಕ್ಕೂ ಮಿಕ್ಕವು ಮುಖ್ಯವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ತೋರದೆಯೇ ಕಣ್ಣುಮುಚ್ಚಿದ್ದುವು. ನಾಡಿ ಕೆಟ್ಟಿದ್ದರೆ ನಂಬಬೇಕು. ನೆಟ್ಟಗಿದ್ದರೆ ನಂಬಿ ಕೂರುವಂತಿಲ್ಲ.

ತಿರುಗುವ ತಟ್ಟೆಯೇ ಇಲ್ಲದ, 'ಎಸ್.ಎಸ್.ಡಿ.' ಎಂಬ ಘನಸ್ಥಿತಿಯ ಡಿಸ್ಕುಗಳು ಈಗ ಮನೆಮನೆಗೂ ಬಂದಿವೆ. ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುಓಕಾ ಅವರು ೧೯೮೦ರ ದಶಕದಲ್ಲಿ ರೂಪಿಸಿದ ಫ್ಲಾಷ್ ನೆನಪೇ ಇವುಗಳ ಮೂಲ. ಇಲ್ಲಿ ಬರೆಹವೆಂದರೆ ನಿರೋಧಕ ಪದರಗಳ ನಡುವೆ ಸೆರೆಯಾದ ಎಲೆಕ್ಟ್ರಾನುಗಳು. ಬೀಳುವ ಹೆಡ್ಡಿಲ್ಲ, ಟಿಕ್ ಟಿಕ್ ಸದ್ದೂ ಇಲ್ಲ. ಆದರೆ ಬರೆದು ಅಳಿಸುವ ಪ್ರತಿ ಸಾರಿಯೂ ಆ ಪದರ ಸ್ವಲ್ಪ ಸ್ವಲ್ಪವಾಗಿ ಸವೆಯುತ್ತದೆ. ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟರೆ ಸೆರೆಯ ಎಲೆಕ್ಟ್ರಾನುಗಳು ಮೆಲ್ಲಗೆ ತಪ್ಪಿಸಿಕೊಳ್ಳುತ್ತವೆ. ತಟ್ಟೆಯ ಡಿಸ್ಕಿನಲ್ಲಿ ಕಡತವನ್ನು ಅಳಿಸಿದರೆ ಸಾಮಾನ್ಯವಾಗಿ ಹೋಗುವುದು ಅದರ ವಿಳಾಸವಷ್ಟೆ. ಆ ಜಾಗದಲ್ಲಿ ಬೇರೆಯದನ್ನು ಬರೆಯುವವರೆಗೆ ಅದನ್ನು ಹುಡುಕಿ ತೆಗೆಯುವ ಆಸೆಯುಂಟು. ಇವುಗಳಲ್ಲಿ ಆ ಆಸೆ ಬಹಳ ಕಡಿಮೆ, ಏಕೆಂದರೆ ಬಿಡುವಾದ ಜಾಗವನ್ನು ಅವು ತಾವಾಗಿಯೇ ಗುಡಿಸಿಡುತ್ತವೆ.

ಹಾಡುಗಳ ಒಂದು ಪ್ರತಿ ಈಗ ದಾವಣಗೆರೆಯಲ್ಲಿದೆ, ಇನ್ನೊಂದು ನಮ್ಮ ಬೀರುವಿನಲ್ಲಿರುವ ಬೇರೊಂದು ಡಿಸ್ಕಿನಲ್ಲಿದೆ. ಕತ್ತು ಮುರಿದ ಹಳೆಯ ಕೇಬಲ್ಲನ್ನು ಪ್ರಯೋಗಾಲಯದ ಗೋಡೆಯ ಮೊಳೆಗೆ ತೂಗುಹಾಕಿದ್ದೇವೆ. ಮುಂದಿನ ಆಯುಧಪೂಜೆಗೆ ತಂಗಿಯೂ ಬಂದಿದ್ದಳು. ಗಣಕದ ಪೆಟ್ಟಿಗೆಗೆ ಕುಂಕುಮವನ್ನು ಅವಳೇ ಇಟ್ಟು, ಕುಂಚವನ್ನು ಮಾತ್ರ ಅಟ್ಟದ ಮೇಲಕ್ಕೆ ಎಸೆದಳು.