ಕೈಯಲ್ಲಿ ಧಾಟಿ: ಗಡಿಭಾಗದ ಎಳೆಯರ ಸಂಗೀತ ಪಾಠಕ್ಕೆ ಕೈಸನ್ನೆ

ನನ್ನ ಊರು ಲಾತೂರು ಜಿಲ್ಲೆ ನಿಲಂಗಾ ತಾಲೂಕಿನ ಕಾಸಾರಶಿರಸಿ. ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಮರಾಠಿ. ಅಜ್ಜಿಯ ಬೀಸುವ ಪದ ಚಿಕ್ಕಂದಿನಲ್ಲೇ ನನ್ನ ಬಾಯಿಗೆ ಬರ್ತಿತ್ತು. ಕನ್ನಡದಲ್ಲಿ ಬರೆದುಕೊಟ್ಟರೆ ಓದಲಿಕ್ಕೆ ಬರ್ತಿರಲಿಲ್ಲ. ಹಂಗಾಗಿ ಇವತ್ತಿನ ನನ್ನ ಪ್ರಶ್ನೆ: ಲಿಪಿಯನ್ನು ನೆಚ್ಚದೆ ಮಕ್ಕಳಿಗೆ ಧಾಟಿ ಕಲಿಸಬಹುದೇ?

ಇದಕ್ಕೆ ಒಂದು ದಾರಿ ಕೈಸನ್ನೆ. ಇಂಗ್ಲೆಂಡಿನ ಪಾದ್ರಿ ಜಾನ್ ಕರ್ವೆನ್, ನಾರ್ವಿಚ್‌ನ ಶಿಕ್ಷಕಿ ಸಾರಾ ಗ್ಲೋವರ್ ರೂಪಿಸಿದ ಪದ್ಧತಿಯನ್ನು ಬೆಳೆಸಿ, 1870ರ ಸುಮಾರಿಗೆ ಏಳು ಸ್ವರಕ್ಕೆ ಏಳು ಸನ್ನೆ ಸೇರಿಸಿದರು. ಮುಂದೆ ಹಂಗೇರಿಯ ಜೋಲ್ಟಾನ್ ಕೊಡಾಯ್ ಅವರ ಬಳಗ ಅದನ್ನು ಶಾಲೆಯ ಪಾಠಕ್ಕೆ ತಂದಿತು. ‘ದೊ’ಗೆ ಮುಷ್ಟಿ, ‘ರೆ’ಗೆ ಮೇಲಕ್ಕೆ ಓರೆಯಾಗಿ ಚಾಚಿದ ಕೈ, ‘ಮಿ’ಗೆ ಮಟ್ಟಸವಾಗಿ ಹಿಡಿದ ಕೈ, ‘ಸೊ’ಗೆ ಎದೆಯ ಕಡೆ ತಿರುಗಿದ ಅಂಗೈ, ‘ತಿ’ಗೆ ಮೇಲೆ ತೋರಿಸುವ ಬೆರಳು. ಸ್ವರ ಏರಿದಂತೆ ಕೈಯೂ ಸೊಂಟದಿಂದ ಹಣೆಯ ಮಟ್ಟಕ್ಕೆ ಏರುತ್ತದೆ. ಕಿವಿಗೆ ಕೇಳಿದ ಏರಿಳಿತ ಕಣ್ಣಿಗೆ ಕಾಣುತ್ತದೆ, ಮಗುವಿನ ತೋಳಿಗೂ ತಿಳಿಯುತ್ತದೆ.

ಈ ‘ದೊ’ ನಮ್ಮ ಷಡ್ಜದ ಹಾಗೆಯೇ ಹಾಡುವವರ ಶ್ರುತಿಗೆ ತಕ್ಕಂತೆ ಸರಿಯುತ್ತದೆ. ಆದ್ದರಿಂದ ಸನ್ನೆಯನ್ನು ಸರಿಗಮಕ್ಕೆ ಹೊಂದಿಸುವುದು ಕಷ್ಟವಲ್ಲ. ಕರ್ನಾಟಕ ಪದ್ಧತಿಯಲ್ಲಿ ‘ರಿ’, ಹಿಂದುಸ್ತಾನಿಯಲ್ಲಿ ‘ರೆ’. ಸನ್ನೆಗೆ ಆ ತಕರಾರೂ ಇಲ್ಲ.

ಕೈಯಲ್ಲಿ ಸ್ವರ ತೋರಿಸುವುದು ನಮಗೇನೂ ಹೊಸದಲ್ಲ. ನಾರದೀಯ ಶಿಕ್ಷೆ ಸಾಮಗಾನದ ಸ್ವರಗಳನ್ನು ಬೆರಳುಗಳ ಮೇಲೆ ಇಡುತ್ತದೆ: ಗಾಂಧಾರ ತೋರುಬೆರಳಿಗೆ, ಋಷಭ ನಡುಬೆರಳಿಗೆ, ಷಡ್ಜ ಉಂಗುರಬೆರಳಿಗೆ. ಆದರೆ ಆ ವಿದ್ಯೆ ಎಲ್ಲರ ಮಕ್ಕಳಿಗೂ ತೆರೆದಿರಲಿಲ್ಲ. ಪುರಂದರದಾಸರ ಹೆಸರಿನಲ್ಲಿ ಬಂದ ಸರಳೆ ವರಸೆಯನ್ನು ಕಲಿಯುವಾಗ ಕೈ ತಾಳ ಹಾಕುತ್ತದೆ, ಬೆರಳೆಣಿಸುತ್ತದೆ; ಸ್ವರದ ಏರಿಳಿತವನ್ನು ತೋರಿಸುವುದಿಲ್ಲ.

ಮಿತಿಗಳೂ ಇವೆ. ಏಳು ಸನ್ನೆಯಲ್ಲಿ ಹನ್ನೆರಡು ಸ್ವರಸ್ಥಾನ ಹಿಡಿಸುವುದಿಲ್ಲ. ಸರಳೆ ವರಸೆಯ ಮಾಯಾಮಾಳವಗೌಳಕ್ಕೇ ಕೋಮಲ ರಿಷಭ, ಕೋಮಲ ಧೈವತ ಬೇಕು. ಅವಕ್ಕೆ ಬೇರೆ ಗುರುತು ಮಾಡಿಕೊಳ್ಳಬೇಕು. ಗಮಕವಂತೂ ಸನ್ನೆಗೆ ಸಿಗದು. ಆದ್ದರಿಂದ ಕೆಲವೇ ಸ್ವರಗಳಲ್ಲಿ ಸುತ್ತುವ ಮನೆಯ ಹಾಡಿನಿಂದ ಶುರುಮಾಡುವುದು ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ.

ಹೋದ ರಜೆಯಲ್ಲಿ ಮನೆಯ ಮಕ್ಕಳಿಗೆ ಅಜ್ಜಿಯ ಪದದ ಒಂದು ಸಾಲನ್ನು ಸನ್ನೆ ಮಾಡಿ ತೋರಿಸಿದೆ. ಓದು ಬರಹ ಬಾರದ ಅಜ್ಜಿ ಸ್ವಲ್ಪ ಹೊತ್ತು ನೋಡಿ, ‘ಅಲ್ಲ, ಅಲ್ಲಿ ಕೈ ಇನ್ನಾ ಕೆಳಗ ಇಳೀಬೇಕು’ ಅಂದರು. ತಪ್ಪಿದ್ದು ನಾನೇ. ಬರೆದ ಸ್ವರಲಿಪಿಯಾಗಿದ್ದರೆ ಅವರು ಆ ತಪ್ಪು ಹಿಡಿಯಲಿಕ್ಕೆ ಆಗ್ತಿರಲಿಲ್ಲ. ಕನ್ನಡ ಸಾಲಿಗೆ ಹೋಗದ ಮಗುವಿಗೂ ಸಾಲಿಯನ್ನೇ ನೋಡದ ಅಜ್ಜಿಗೂ ನಡುವೆ ಹಾಡು ಉಳಿಯಬೇಕಾದರೆ ಇಂಥದೊಂದು ದಾರಿ ಬೇಕು. ಇಷ್ಟು ಹೇಳಿ ನನ್ನ ಮಾತು ಮುಗಿಸ್ತೀನಿ.