ಅಂತರ್ಜಾಲದ ಕಿರುಕುಳ: ಹೆಣ್ಣುಮಕ್ಕಳ ಭಯ, ಗಂಡುಮಕ್ಕಳ ಮೌನ

ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್‌ಗಳಲ್ಲಿ ನಡೆಯುವ ನಿಂದನೆ, ಬೆದರಿಕೆ ಮತ್ತು ಅಶ್ಲೀಲ ಸಂದೇಶಗಳ ಕಾಟ ಇಂದು ಹೆಣ್ಣು ಗಂಡೆಂಬ ಭೇದವಿಲ್ಲದೆ ಎಲ್ಲರನ್ನೂ ತಟ್ಟುತ್ತಿದೆ. ಆದರೆ ಅದರ ನೋವು ಇಬ್ಬರಲ್ಲೂ ಒಂದೇ ರೀತಿಯಲ್ಲಿ ಹೊರಬರುವುದಿಲ್ಲ. ಈ ವ್ಯತ್ಯಾಸವನ್ನು ಪಾಲಕರು, ಶಿಕ್ಷಕರು, ಯುವ ಸಂಘಟನೆಗಳ ಸಚೇತಕರು ಹಾಗೂ ವಾಳೆಯ ಗುರಿಕಾರರು ತಿಳಿದಿರುವುದು ಅಗತ್ಯ. ನೊಂದವರು ಬಾಯಿ ಬಿಡುವುದಾದರೆ ಹೆಚ್ಚಾಗಿ ಇಂತಹ ಹತ್ತಿರದವರ ಮುಂದೆಯೇ.

ಅಂಕಿಅಂಶ ಏನು ಹೇಳುತ್ತದೆ?

ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು ಅಲ್ಲಿನ ವಯಸ್ಕರ ನಡುವೆ 2020ರಲ್ಲಿ ಸಮೀಕ್ಷೆ ನಡೆಸಿ, 2021ರಲ್ಲಿ ವರದಿ ಪ್ರಕಟಿಸಿತು. ಅದರಂತೆ ಪುರುಷರಲ್ಲಿ ಶೇ. 43, ಮಹಿಳೆಯರಲ್ಲಿ ಶೇ. 38 ಮಂದಿ ಒಂದಲ್ಲ ಒಂದು ಬಗೆಯ ಆನ್‌ಲೈನ್ ಕಿರುಕುಳ ಅನುಭವಿಸಿದ್ದರು. ಸಂಖ್ಯೆಯಲ್ಲಿ ಪುರುಷರೇ ಮುಂದು. ಆದರೆ ಕೊನೆಯ ಬಾರಿ ನಡೆದ ಘಟನೆಯಿಂದ ತೀವ್ರವಾಗಿ ನೊಂದೆವು ಎಂದವರು ಕಿರುಕುಳಕ್ಕೆ ಒಳಗಾದ ಮಹಿಳೆಯರಲ್ಲಿ ಶೇ. 34, ಪುರುಷರಲ್ಲಿ ಶೇ. 14 ಮಾತ್ರ.

ಇದನ್ನು ನೋಡಿ 'ಹೆಂಗಸರ ಮನಸ್ಸು ದುರ್ಬಲ' ಎಂದು ತೀರ್ಮಾನಿಸುವುದು ಸರಿಯಲ್ಲ. ಕಿರುಕುಳದ ಸ್ವರೂಪವೇ ಬೇರೆ. ಅದೇ ವರದಿಯ ಪ್ರಕಾರ ಆನ್‌ಲೈನ್‌ನಲ್ಲಿ ಲೈಂಗಿಕ ಕಿರುಕುಳ ಅನುಭವಿಸಿದವರು ಮಹಿಳೆಯರಲ್ಲಿ ಶೇ. 16, ಪುರುಷರಲ್ಲಿ ಶೇ. 5. ಮೂವತ್ತೈದು ವರ್ಷದೊಳಗಿನ ಮಹಿಳೆಯರಲ್ಲಿ ಈ ಪ್ರಮಾಣ ಶೇ. 33ಕ್ಕೆ ಏರುತ್ತದೆ.

ಭಯ ಏಕೆ?

ಚರ್ಚೆಯ ಭರದಲ್ಲಿ ಯಾರೋ 'ಮೂರ್ಖ' ಎಂದರೆ ಸಿಟ್ಟು ಬರುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಆದರೆ 'ನಿನ್ನ ಮನೆ ಎಲ್ಲಿದೆ ಎಂದು ಗೊತ್ತು' ಎಂಬ ಸಂದೇಶ ಮೊಬೈಲಿನಲ್ಲಿ ಉಳಿಯುವುದಿಲ್ಲ. ಬಸ್ ನಿಲ್ದಾಣದಲ್ಲಿ, ಕಾಲೇಜಿನ ದಾರಿಯಲ್ಲಿ ಆ ಹುಡುಗಿಯನ್ನು ಹಿಂಬಾಲಿಸುತ್ತದೆ. ಇದರ ಮೇಲೆ ಮನೆಯವರ ಭಯ ಬೇರೆ. 'ಫೋಟೊ ಹಾಕಿದ್ದು ಯಾಕೆ?' ಎಂದು ಕೇಳುತ್ತಾರೆ, ಮೊಬೈಲ್ ಕಿತ್ತುಕೊಳ್ಳುತ್ತಾರೆ, ಓದು ನಿಲ್ಲಿಸುತ್ತಾರೆ ಎಂಬ ಆತಂಕದಿಂದ ಎಷ್ಟೋ ಹುಡುಗಿಯರು ಬಾಯಿ ಮುಚ್ಚಿಕೊಳ್ಳುತ್ತಾರೆ. ತಪ್ಪು ಮಾಡಿದವನಿಗೆ ಬೇಕಾದದ್ದೂ ಅದೇ.

ಹುಡುಗರಿಗೆ ನೋವಿಲ್ಲವೇ?

ಖಂಡಿತ ಇದೆ. 'ಗಂಡಸಾಗಿ ಅಳುತ್ತೀಯಾ?' ಎಂಬ ಮಾತು ಕೇಳುತ್ತಾ ಬೆಳೆದವನು ನೋವನ್ನು ಸಿಟ್ಟಾಗಿಯೋ ತಮಾಷೆಯಾಗಿಯೋ ತೋರಿಸುತ್ತಾನೆ, ಇಲ್ಲವೇ ಏನೂ ತೋರಿಸುವುದಿಲ್ಲ. ಇದರ ಪರಿಣಾಮ ಘೋರವಾಗಬಹುದು. ಹುಡುಗಿಯ ಹೆಸರಿನಲ್ಲಿ ಗೆಳೆತನ ಬೆಳೆಸಿ, ನಗ್ನ ಚಿತ್ರ ಪಡೆದು, ಹಣಕ್ಕಾಗಿ ಬೆದರಿಸುವ ಜಾಲಗಳಿವೆ. 2021ರ ಅಕ್ಟೋಬರ್‌ನಿಂದ 2023ರ ಮಾರ್ಚ್‌ವರೆಗೆ ಇಂತಹ ಬೆದರಿಕೆಗೆ ಸಿಲುಕಿದ ಕನಿಷ್ಠ 12,600 ಅಪ್ರಾಪ್ತರ ಪ್ರಕರಣಗಳು ಅಮೆರಿಕದ ತನಿಖಾ ಸಂಸ್ಥೆಗಳ ಗಮನಕ್ಕೆ ಬಂದವು ಎಂದು ಎಫ್‌ಬಿಐ ತಿಳಿಸಿದೆ. ಅವರಲ್ಲಿ ಹೆಚ್ಚಿನವರು ಹುಡುಗರು. ಕನಿಷ್ಠ 20 ಮಂದಿ ಆತ್ಮಹತ್ಯೆ ಮಾಡಿಕೊಂಡಿದ್ದರು. ಸಮೀಕ್ಷೆಯಲ್ಲಿ 'ಅಷ್ಟೇನೂ ನೋವಾಗಲಿಲ್ಲ' ಎನ್ನುವ ಗಂಡಸರ ಸಂಖ್ಯೆಯನ್ನು ಓದುವಾಗ ಈ ಮಾತೂ ನೆನಪಿರಬೇಕು.

ನಾವೇನು ಮಾಡಬಹುದು?

ಮೊದಲನೆಯದಾಗಿ, ಪೂರ್ತಿ ಕೇಳಬೇಕು. ಹುಡುಗಿಗೆ 'ಖಾತೆ ಮುಚ್ಚಿಬಿಡು' ಎಂದು ಕೂಡಲೇ ಹೇಳಿದರೆ ಶಿಕ್ಷೆ ಆಕೆಗೇ ಆಗುತ್ತದೆ. 'ನಿನ್ನ ತಪ್ಪಲ್ಲ, ನಾವಿದ್ದೇವೆ' ಎಂಬ ಮಾತು ಮೊದಲು ಬರಲಿ. ಹುಡುಗ ಅಳುವುದಿಲ್ಲ ಎಂದು ಸುಮ್ಮನಿರಬಾರದು. ಊಟ, ನಿದ್ದೆ ಕೆಟ್ಟಿದ್ದರೆ, ದಿಢೀರನೆ ಹಣ ಕೇಳುತ್ತಿದ್ದರೆ, ಕೋಣೆ ಬಿಟ್ಟು ಹೊರಬರದಿದ್ದರೆ ಹತ್ತಿರ ಕೂತು ವಿಚಾರಿಸಬೇಕು.

ಎರಡನೆಯದಾಗಿ, ಸಂದೇಶಗಳನ್ನು ಅಳಿಸದೆ ಸ್ಕ್ರೀನ್‌ಶಾಟ್ ತೆಗೆದಿಡಬೇಕು. ಬೆದರಿಸಿದವನಿಗೆ ಹಣ ಕೊಡಬಾರದು. ಕೊಟ್ಟರೆ ಬೇಡಿಕೆ ಹೆಚ್ಚುವುದೇ ಸಾಮಾನ್ಯ.

ಮೂರನೆಯದಾಗಿ, ಕಾನೂನಿನ ನೆರವು ಪಡೆಯಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಪ್ರಕಾರ, ಬೇಡವೆಂದರೂ ಮಹಿಳೆಯನ್ನು ಪದೇಪದೇ ಸಂಪರ್ಕಿಸುವುದು, ಆಕೆಯ ಅಂತರ್ಜಾಲ ಬಳಕೆಯ ಮೇಲೆ ಕಣ್ಣಿಡುವುದು ಅಪರಾಧ. ಮೊದಲ ಬಾರಿಗೆ ಮೂರು ವರ್ಷದವರೆಗೆ ಸಜೆ ಇದೆ. ಈ ಕಲಂ ಮಹಿಳೆಯರ ರಕ್ಷಣೆಗೆ ಮಾತ್ರ. ಆದರೆ ಒಪ್ಪಿಗೆಯಿಲ್ಲದೆ ಖಾಸಗಿ ಅಂಗದ ಚಿತ್ರ ಹರಡುವುದನ್ನು ಶಿಕ್ಷಿಸುವ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ, ಮಕ್ಕಳಿಗಾಗಿ ಇರುವ 2012ರ ಪೋಕ್ಸೋ ಕಾಯ್ದೆ ಗಂಡಿಗೂ ಹೆಣ್ಣಿಗೂ ಸಮಾನ. ಹಣಕ್ಕಾಗಿ ಬೆದರಿಸುವುದು ಯಾರ ವಿರುದ್ಧ ನಡೆದರೂ ಸುಲಿಗೆಯೇ.

ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ಅಥವಾ ಹತ್ತಿರದ ಪೊಲೀಸ್ ಠಾಣೆಯಲ್ಲಿ ದೂರು ಸಲ್ಲಿಸಬಹುದು. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಮಕ್ಕಳಿಗೆ 1098, ಮಾನಸಿಕ ನೆರವಿಗೆ ಟೆಲಿ ಮಾನಸ್ 14416 ಇದೆ.

ಮುಂದಿನ ಪಾಲಕರ ಸಭೆಯಲ್ಲಿ, ಯುವಜನರ ಕೂಟದಲ್ಲಿ ಈ ವಿಷಯಕ್ಕೆ ಅರ್ಧ ಗಂಟೆ ಮೀಸಲಿಡೋಣ. ಹುಡುಗ ಹುಡುಗಿಯರಿಬ್ಬರೂ ಅಲ್ಲಿರಲಿ. ಕಷ್ಟ ಬಂದಾಗ ಯಾರ ಬಳಿ ಹೇಳಬಹುದು ಎಂಬುದು ಅವರಿಗೆ ಮೊದಲೇ ತಿಳಿದಿರಲಿ.