ಭಾರ ಬೇರೆ, ಪೆಟ್ಟು ಬೇರೆ

2025ನೆಯ ಇಸವಿ ಜುಲೈ 9ರ ಬೆಳಗ್ಗೆ ನಮ್ಮ ವಡೋದರಾ ಜಿಲ್ಲೆಯ ಪಾದರಾ ತಾಲೂಕಿನಲ್ಲಿ, ಮಹೀ ನದಿಯ ಮೇಲಣ ಗಂಭೀರಾ ಸೇತುವೆಯ ಒಂದು ಭಾಗ ಕುಸಿದು ವಾಹನಗಳು ನೀರಿಗುರುಳಿದುದನ್ನು ವಾಚಕರು ಮರೆತಿರಲಾರರು. 1985ರಲ್ಲಿ ಸಂಚಾರಕ್ಕೆ ತೆರೆದಿದ್ದ ಸೇತುವೆಯದು. ಅಸುನೀಗಿದವರು ಇಪ್ಪತ್ತಕ್ಕೆ ಕಡಿಮೆಯಿಲ್ಲ. ಆಧಾರಪೀಠವೂ ಸಂದೂ ಜಜ್ಜಿಹೋದುದು ಕಾರಣವೆಂದು ಸರಕಾರದ ಪ್ರಾಥಮಿಕ ತನಿಖೆ ತಿಳಿಸಿತು. ಅಂದಿನಿಂದ ನಮ್ಮ ದೃಷ್ಟಿ ತಲೆಯ ಮೇಲಿನ ತೊಲೆಗಳತ್ತಲೂ ಹೊರಳುವಂತಾಗಿದೆ.

ನಾವು ಇಂಜಿನಿಯರರಲ್ಲ, ಓದಿದ್ದು ಎಸ್.ಎಸ್.ಎಲ್.ಸಿ., ನಡೆಸಿದ್ದು ಹೋಟೆಲು. ಆದರೆ ಅಕ್ಕಿಮೂಟೆ ಹೊತ್ತವರಿಗೆ ಈ ಶಾಸ್ತ್ರ ತೀರ ಅಪರಿಚಿತವಲ್ಲ. ಮೂಟೆಯನ್ನು ಮೆಲ್ಲನೆ ಬೆನ್ನಿಗೇರಿಸಿದರೆ ತಾಳುತ್ತೇವೆ. ಅದನ್ನೇ ಮೇಲಿನಿಂದ ಎತ್ತಿಹಾಕಿದರೆ ಮಂಡಿ ಕುಸಿಯುತ್ತದೆ. ತೊಲೆಯ ಗತಿಯೂ ಅದೇ. ಭಾರವನ್ನು ತೊಲೆಗೆ ತಾಗಿಸಿ ಥಟ್ಟನೆ ಕೈಬಿಟ್ಟರೆ ಸಾಕು, ಮೆಲ್ಲನೆ ಇಟ್ಟಾಗಿನ ಇಮ್ಮಡಿ ಬಾಗುತ್ತದೆ. ಎತ್ತರದಿಂದ ಬಿದ್ದರಂತೂ ಇನ್ನೂ ಹೆಚ್ಚು. ಆದುದರಿಂದಲೇ ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮವು ವಾಹನದ ಭಾರಕ್ಕೆ ಪೆಟ್ಟಿನ ಪಾಲನ್ನೂ ಕೂಡಿಸುತ್ತದೆ. ‘ಎ’ ದರ್ಜೆಯ ವಾಹನಗಳ ಲೆಕ್ಕದಲ್ಲಿ, 9 ಮೀಟರು ಅಂತರದ ಕಾಂಕ್ರೀಟು ಸೇತುವೆಗೆ ಈ ಪಾಲು ಶೇಕಡಾ 30.

ಕಾಂಕ್ರೀಟು ಒತ್ತಡಕ್ಕೆ ಗಟ್ಟಿ, ಸೆಳೆತಕ್ಕೆ ದುರ್ಬಲ. ಕಂಬಗಳ ನಡುವೆ ತೊಲೆ ಬಾಗಿದಾಗ ಅಡಿಭಾಗ ಸೆಳೆತಕ್ಕೆ ಸಿಕ್ಕುವುದರಿಂದ ಅಲ್ಲಿ ಉಕ್ಕಿನ ಸರಳುಗಳನ್ನಿಡುತ್ತಾರೆ. ಜೋರು ಪೆಟ್ಟಿಗೆ ತೊಲೆ ಓರೆಯಾಗಿಯೂ ಸೀಳಬಹುದು. ಅದನ್ನು ತಡೆಯತಕ್ಕವು ಮೇಸ್ತ್ರಿಗಳು ರಿಂಗು ಎನ್ನುವ ಉಕ್ಕಿನ ಬಳೆಗಳು. ಅವು ಹತ್ತಿರ ಹತ್ತಿರ ಇರಬೇಕು, ತುದಿಯ ಕೊಕ್ಕೆಗಳು ಒಳಮುಖವಾಗಿ ಮಡಿಸಿರಬೇಕು. ಹಾಗೆಂದು ಸರಳುಗಳನ್ನು ಅತಿಯಾಗಿ ತುಂಬುವುದೂ ಸಲ್ಲದು. ಆಗ ಉಕ್ಕು ಮಣಿಯುವ ಮುನ್ನವೇ ಕಾಂಕ್ರೀಟು ಪುಡಿಯಾಗಿ, ತೊಲೆ ಸೂಚನೆಯನ್ನೇ ಕೊಡದೆ ಮುರಿಯುತ್ತದೆ. ಮೊದಲು ಮಣಿದು ಎಚ್ಚರಿಸುವುದೇ ಒಳ್ಳೆಯ ತೊಲೆಯ ಗುಣ.

ಹೋಟೆಲು ನಡೆಸುತ್ತಿದ್ದಾಗ ನಾವೂ ನೀರಿನ ಕೊಳವೆಗಾಗಿ ತೊಲೆಯೊಂದರ ಅಡಿಯನ್ನು ಕೊರೆಸಿದ್ದೆವು. ಅದರ ಮೇಲಣ ಕೋಣೆಯಲ್ಲಿ ನಮ್ಮ ಹುಡುಗರು ಮಲಗುತ್ತಿದ್ದರು. ಅನಾಹುತವಾಗಲಿಲ್ಲ, ಅದು ದೈವಕೃಪೆಯೇ ಹೊರತು ನಮ್ಮ ಜಾಣತನವಲ್ಲ.

ಆದುದರಿಂದ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಮೂಟೆ, ಗ್ಯಾಸ್ ಸಿಲಿಂಡರುಗಳನ್ನು ಮಹಡಿಯ ಮೇಲೆ ಎತ್ತಿಹಾಕದಿರಿ, ಮೆಲ್ಲನಿಳಿಸಿರಿ. ತೊಲೆಯಲ್ಲಿ ಓರೆ ಬಿರುಕು, ತುಕ್ಕಿನ ಕಲೆ ಕಂಡರೆ ಮಾಲಕರಿಗೆ ಅಂದೇ ತಿಳಿಸಿರಿ. ಮಾಲಕರು ಸಿಡುಕದೆ ಇಂಜಿನಿಯರರನ್ನು ಕರೆಸಲಿ. ಬಿರುಕಿಗೆ ಸುಣ್ಣ ಬಳಿಯುವುದು ದುರಸ್ತಿಯಲ್ಲ.